ಚೀನದ ಏಳು ತಂತಿ, ನಮ್ಮೂರ ಏಕತಾರಿ

ಹಾಡಿನಿಂದ ಮನಸ್ಸು ಹಗುರಾಗುತ್ತದೆ ಎಂಬುದು ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೊಸ ಮಾತಲ್ಲ. ತೊಟ್ಟಿಲ ಕೂಸಿಗೆ ಜೋಗುಳ ಬೇಕು. ನಮ್ಮ ಅಜ್ಜಿಯರ ಕಾಲದಲ್ಲಿ ಬೀಸುವ ಕೈಗೆ ಬೀಸುವ ಪದ ಬೇಕಾಗಿತ್ತು. ಕಣದಲ್ಲಿ ಹಂತಿ ಹೊಡೆಯುವವರಿಗೆ ಹಂತಿಯ ಹಾಡು ಬೇಕಾಗಿತ್ತು. ಮನೆಯಲ್ಲಿ ಸಾವಾದ ರಾತ್ರಿಯೂ ಭಜನೆಯವರು ಬಂದು ಕೂಡುವುದುಂಟು. ಅದರಿಂದ ದುಃಖ ಹೋಗುವುದಿಲ್ಲ. ಆದರೆ ಬೆಳಗಾಗುವವರೆಗೆ ಅದನ್ನು ಹೊರುವುದಕ್ಕೆ ಒಂದು ಆಸರೆ ಸಿಗುತ್ತದೆ.

ಈಗ ಇದೇ ಮಾತು 'ಸಂಗೀತ ಚಿಕಿತ್ಸೆ' ಎಂಬ ಹೊಸ ಹೆಸರಿನಲ್ಲಿ ಮನೆ ಮನೆಗೆ ಬಂದಿದೆ. ಮೊಬೈಲ್ ತೆರೆದರೆ ಸಾಕು, ನಿದ್ರೆಗೆ ಒಂದು ಸಂಗೀತ, ತಲೆನೋವಿಗೆ ಒಂದು ಸಂಗೀತ, ಓದಿಗೆ ಒಂದು ಸಂಗೀತ ಎಂದು ಸಾಲು ಸಾಲಾಗಿ ಕಾಣಿಸುತ್ತವೆ. ಅವುಗಳಲ್ಲಿ ಚೀನ ದೇಶದ ಪ್ರಾಚೀನ ತಂತಿವಾದ್ಯದ ನಾದಕ್ಕೆ ದೊಡ್ಡ ಸ್ಥಾನವಿದೆ. ಅದನ್ನು ಕೇಳಿದರೆ ಮನಸ್ಸು ಶಾಂತವಾಗುತ್ತದೆ ಎನ್ನುವವರಿದ್ದಾರೆ. ರೋಗವೇ ವಾಸಿಯಾಗುತ್ತದೆ ಎನ್ನುವವರೂ ಇದ್ದಾರೆ. ಈ ಎರಡು ಮಾತುಗಳಲ್ಲಿ ಯಾವುದು ಎಷ್ಟು ನಿಜ? ಚೀನದವರು ಹಿಂದೆ ಈ ವಾದ್ಯವನ್ನು ಹೇಗೆ ಬಳಸಿದರು? ನಮ್ಮ ನಾಡಿನಲ್ಲಿ ಅಂಥದು ಏನಿದೆ? ವಿದ್ಯಾರ್ಥಿಗಳೂ ಪಾಲಕರೂ ಕೂಡಿ ತಿಳಿಯಬೇಕಾದ ವಿಷಯ ಇದು. ಒಂದೊಂದಾಗಿ ವಿಚಾರ ಮಾಡೋಣ.

ಗುಚಿನ್ ಎಂಬ ವಾದ್ಯ

ಚೀನ ದೇಶದ ಈ ವಾದ್ಯದ ಹೆಸರು 'ಚಿನ್'. ಬಹಳ ಹಳೆಯದಾದುದರಿಂದ ಈಗ ಅದನ್ನು 'ಗುಚಿನ್' ಎನ್ನುತ್ತಾರೆ. 'ಗು' ಎಂದರೆ ಪುರಾತನ. ಇದು ಸುಮಾರು ನಾಲ್ಕು ಅಡಿ ಉದ್ದದ, ಒಳಗೆ ಪೊಳ್ಳಾದ ಒಂದು ಮರದ ಹಲಗೆ. ಹಲಗೆಯ ಉದ್ದಕ್ಕೂ ಏಳು ತಂತಿಗಳನ್ನು ಬಿಗಿದಿರುತ್ತಾರೆ. ನಮ್ಮ ಸಿತಾರಿಗೆ ಇರುವಂತೆ ಇದಕ್ಕೆ ಬೇರೆ ಕುತ್ತಿಗೆ ಇಲ್ಲ, ಮೆಟ್ಟಿಲುಗಳೂ ಇಲ್ಲ. ಬೆರಳಿಗೆ ಗುರುತಾಗಲೆಂದು ಹಲಗೆಯ ಅಂಚಿನಲ್ಲಿ ೧೩ ಚುಕ್ಕೆಗಳನ್ನು ಕೂಡಿಸಿರುತ್ತಾರೆ, ಅಷ್ಟೆ. ಹಿಂದೆ ತಂತಿಗಳು ರೇಷ್ಮೆಯವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲೋಹದ ತಂತಿಗಳು ಬಳಕೆಗೆ ಬಂದವು.

ನುಡಿಸುವವನು ವಾದ್ಯವನ್ನು ಮೇಜಿನ ಮೇಲೆ ಅಡ್ಡ ಇಟ್ಟುಕೊಂಡು ಕುಳಿತುಕೊಳ್ಳುತ್ತಾನೆ. ಬಲಗೈ ತಂತಿಯನ್ನು ಮೀಟುತ್ತದೆ. ಎಡಗೈ ತಂತಿಯ ಮೇಲೆ ಜಾರುತ್ತದೆ. ಇದರಲ್ಲಿ ಮೂರು ಬಗೆಯ ನಾದ ಹುಟ್ಟುತ್ತದೆ. ತಂತಿಯನ್ನು ಒತ್ತದೆ ಮೀಟಿದ ನಾದವನ್ನು ಭೂಮಿಯ ನಾದವೆಂದೂ, ಒತ್ತಿ ಜಾರಿಸಿದ ನಾದವನ್ನು ಮನುಷ್ಯನ ನಾದವೆಂದೂ, ಬೆರಳ ತುದಿಯನ್ನು ಹಗುರಾಗಿ ತಾಗಿಸಿ ಪಡೆದ ಗಂಟೆಯಂಥ ನಾದವನ್ನು ಆಕಾಶದ ನಾದವೆಂದೂ ಚೀನದ ಪಂಡಿತರು ಕರೆದರು. 'ಗುಜಂಗ್' ಎಂಬುದು ಇದರ ತಮ್ಮನಿದ್ದ ಹಾಗೆ. ಅದಕ್ಕೆ ಈಗ ಸಾಮಾನ್ಯವಾಗಿ ೨೧ ತಂತಿಗಳು, ಪ್ರತಿಯೊಂದು ತಂತಿಗೂ ಸರಿಸಬಹುದಾದ ಒಂದೊಂದು ಕುದುರೆ. ಅದರ ದನಿ ದೊಡ್ಡದು. ಮೊಬೈಲಿನಲ್ಲಿ ಕೇಳಿಬರುವ ಎಷ್ಟೋ ಚೀನೀ ಸಂಗೀತ ಈ ಗುಜಂಗ್ ವಾದ್ಯದ್ದು.

ಗುಚಿನ್ನಿನ ದನಿ ಮಾತ್ರ ಬಹಳ ಮೆತ್ತಗಿನದು. ಒಂದು ಕೋಣೆಯನ್ನು ದಾಟಿ ಹೋಗದು. ಜಾತ್ರೆಗೆ, ಮೆರವಣಿಗೆಗೆ ಅದು ನಡೆಯದು. ಚೀನದ ವಿದ್ವಾಂಸರು ಅದನ್ನು ಸಭೆಗಾಗಿ ಅಲ್ಲ, ತಮಗಾಗಿ, ಹೆಚ್ಚೆಂದರೆ ಒಬ್ಬಿಬ್ಬರು ಗೆಳೆಯರಿಗಾಗಿ ನುಡಿಸಿದರು. ಇನ್ನೊಂದು ಸಂಗತಿ ಗಮನಿಸತಕ್ಕದ್ದು. ಗುಚಿನ್ನಿನ ಹಳೆಯ ಸ್ವರಲಿಪಿಯಲ್ಲಿ ಯಾವ ಬೆರಳು, ಯಾವ ತಂತಿ, ಯಾವ ಚುಕ್ಕೆಯ ಹತ್ತಿರ ಎಂಬುದೆಲ್ಲ ಬರೆದಿರುತ್ತದೆ. ಆದರೆ ಒಂದು ಸ್ವರವನ್ನು ಎಷ್ಟು ಹೊತ್ತು ನಿಲ್ಲಿಸಬೇಕೆಂದು ಬರೆದಿರುವುದಿಲ್ಲ. ಅದನ್ನು ಗುರುವಿನಿಂದ ಕಲಿಯಬೇಕು, ಇಲ್ಲವೆ ತಾನೇ ಉಸಿರಾಡುತ್ತ ಕಂಡುಕೊಳ್ಳಬೇಕು. ಅವಸರಕ್ಕೆ ಅಲ್ಲಿ ಎಡೆಯೇ ಇಲ್ಲ.

ಒಯಾಂಗ್ ಶಿಯು ಎಂಬ ಪಂಡಿತನ ಅನುಭವ

ಈ ವಾದ್ಯದಿಂದ ಮನಸ್ಸಿನ ಬೇನೆ ಕಳೆಯಿತೆಂದು ಸ್ವತಃ ಬರೆದಿಟ್ಟವರಲ್ಲಿ ಒಯಾಂಗ್ ಶಿಯು ದೊಡ್ಡವನು. ಅವನ ಕಾಲ ಕ್ರಿ.ಶ. ೧೦೦೭ರಿಂದ ೧೦೭೨. ಎಂದರೆ ನಮ್ಮ ಬಸವಣ್ಣನವರಿಗಿಂತ ಸುಮಾರು ನೂರು ವರ್ಷ ಹಿಂದಿನವನು. ಚಿಕ್ಕಂದಿನಲ್ಲಿಯೇ ತಂದೆ ತೀರಿಕೊಂಡ. ಕಾಗದ, ಕುಂಚ ಕೊಳ್ಳುವ ಶಕ್ತಿ ಇರಲಿಲ್ಲ. ತಾಯಿ ಜೊಂಡಿನ ಕಡ್ಡಿಯಿಂದ ನೆಲದ ಮೇಲೆ ಬರೆದು ಮಗನಿಗೆ ಅಕ್ಷರ ಕಲಿಸಿದಳು ಎಂದು ಚೀನದ ಮಕ್ಕಳು ಇಂದಿಗೂ ಓದುತ್ತಾರೆ. ಆ ದೇಶದಲ್ಲಿ ಸರಕಾರಿ ನೌಕರಿಗೆ ಕಠಿಣವಾದ ಪರೀಕ್ಷೆಗಳಿದ್ದವು. ಒಯಾಂಗ್ ಶಿಯು ಎರಡು ಸಲ ಸೋತು ೧೦೩೦ರಲ್ಲಿ ತೇರ್ಗಡೆಯಾದ. ಮುಂದೆ ಇತಿಹಾಸಕಾರ, ಕವಿ, ರಾಜ್ಯದ ಹಿರಿಯ ಅಧಿಕಾರಿ ಎಂದು ಹೆಸರಾದ.

ಅಂಥವನನ್ನೂ ಒಮ್ಮೆ ಮನೋವ್ಯಥೆ ಹಿಡಿಯಿತು. ಕೆಲಸ ಬಿಟ್ಟು ವಿಶ್ರಾಂತಿ ಪಡೆದರೂ ಅದು ಹೋಗಲಿಲ್ಲ. ಆಗ ಸುನ್ ದಾವ್‌ತ್ಸು ಎಂಬ ಗೆಳೆಯನಿಂದ ಚಿನ್ ವಾದ್ಯದ ಕೆಲವು ಪಾಠಗಳನ್ನು ಕಲಿತ. ದಿನ ಕಳೆದಂತೆ ಅದರಲ್ಲಿ ಮನಸ್ಸು ನೆಲೆಸಿ, ಮೈಯಲ್ಲಿ ಬೇನೆ ಇದೆಯೆಂಬುದನ್ನೇ ಮರೆತೆ ಎಂದು ಅವನು ಬರೆದಿದ್ದಾನೆ. ಇನ್ನೊಂದು ಕಡೆಯಲ್ಲಿ ತನ್ನ ಕೈಗಳ ನಡುಬೆರಳುಗಳು ಸೆಟೆದುಕೊಂಡಾಗ, ಬೆರಳುಗಳನ್ನು ಆಗಾಗ ಆಡಿಸುತ್ತಿರಬೇಕೆಂದು ವೈದ್ಯರು ಹೇಳಿದ್ದನ್ನೂ, ಅದಕ್ಕೆ ಚಿನ್ ನುಡಿಸುವುದೇ ತಕ್ಕದ್ದೆಂದು ತಿಳಿಸಿದ್ದನ್ನೂ ಹೇಳುತ್ತಾನೆ.

ಅವನು ಈ ಅನುಭವವನ್ನು ಯಾವ ಸಂದರ್ಭದಲ್ಲಿ ಬರೆದನೆಂಬುದು ವಿದ್ಯಾರ್ಥಿಗಳಿಗೆ ಮುಖ್ಯ. ಯಾಂಗ್ ಜಿ ಎಂಬ ತರುಣ ಗೆಳೆಯನಿದ್ದ. ಚೆನ್ನಾಗಿ ಓದಿದವನು, ಚೆನ್ನಾಗಿ ಬರೆಯಬಲ್ಲವನು. ಆದರೂ ಪರೀಕ್ಷೆಯಲ್ಲಿ ಮೇಲಿಂದ ಮೇಲೆ ಸೋತ. ಕೊನೆಗೆ ಮನೆತನದ ಆಧಾರದಿಂದ ದೂರದ ಪ್ರಾಂತದಲ್ಲಿ ಒಂದು ಸಣ್ಣ ನೌಕರಿ ಸಿಕ್ಕಿತು. ಮೊದಲೇ ಅಶಕ್ತ ದೇಹ. ಹೋಗುವ ಊರಿನಲ್ಲಿ ವೈದ್ಯರೂ ಔಷಧಿಗಳೂ ವಿರಳ. ಸೋಲು, ದೂರ, ಬೇನೆ ಮೂರೂ ಕೂಡಿದರೆ ಈ ಹುಡುಗನ ಗತಿ ಏನೆಂದು ಒಯಾಂಗ್ ಶಿಯು ಚಿಂತಿಸಿದ. ಬೀಳ್ಕೊಡುವ ದಿನ ಸುನ್ ದಾವ್‌ತ್ಸುವನ್ನು ಕರೆಸಿ ಚಿನ್ ನುಡಿಸಿದನು. ತನ್ನ ಅನುಭವವನ್ನು ಬರೆದು ಕೊಟ್ಟನು. ಬುದ್ಧಿ ಹೇಳುವುದು ಸುಲಭ, ಧೈರ್ಯ ಹೇಳುವುದು ಇನ್ನೂ ಸುಲಭ. ಆದರೆ ಸೋತವನ ಹತ್ತಿರ ಕುಳಿತು, ನನಗೂ ಹೀಗಾಗಿತ್ತು, ಇದು ನನಗೆ ನೆರವಾಯಿತು ಎಂದು ಹೇಳುವ ಹಿರಿಯರು ವಿರಳ. ಹತ್ತನೆಯ ಇಯತ್ತೆಯ ಫಲಿತಾಂಶದ ದಿನ ಪಾಲಕರು ನೆನೆಯಬೇಕಾದ ಕಥೆ ಇದು.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಬಾರದು. ಒಯಾಂಗ್ ಶಿಯುವಿಗೆ ನೆರವಾದದ್ದು ಕಿವಿಗೆ ಬಿದ್ದ ನಾದವಷ್ಟೇ ಅಲ್ಲ. ದಿನವೂ ಕುಳಿತು ಕಲಿತದ್ದು, ಬೆರಳಾಡಿಸಿದ್ದು, ಕಲಿಸಲು ಒಬ್ಬ ಗೆಳೆಯ ಇದ್ದದ್ದು, ಇವೆಲ್ಲ ಕೂಡಿಯೇ ಆ ಗುಣ ಬಂದಿತು.

ಐದು ಸ್ವರ, ಐದು ಅಂಗ

ಚೀನದ ಪುರಾತನ ವೈದ್ಯಗ್ರಂಥಗಳಲ್ಲಿ ಐದು ಸ್ವರಗಳಿಗೂ ದೇಹದ ಐದು ಅಂಗಗಳಿಗೂ ಸಂಬಂಧ ಕಲ್ಪಿಸಿದ್ದಾರೆ. ಗುಂಗ್, ಶಾಂಗ್, ಜ್ಯುಯೆ, ಜ್ರ್, ಯು ಎಂಬವು ಆ ಸ್ವರಗಳು. ಮೊದಲನೆಯದು ಗುಲ್ಮಕ್ಕೆ, ಎರಡನೆಯದು ಶ್ವಾಸಕೋಶಕ್ಕೆ, ಮೂರನೆಯದು ಯಕೃತ್ತಿಗೆ, ನಾಲ್ಕನೆಯದು ಹೃದಯಕ್ಕೆ, ಐದನೆಯದು ಮೂತ್ರಪಿಂಡಕ್ಕೆ ಸೇರಿದ್ದೆಂದು ಅವರ ಮತ. ಆ ಐದು ಸ್ವರಗಳನ್ನು ನಮ್ಮ ರೀತಿಯಲ್ಲಿ ಹಾಡಿದರೆ ಸ, ರಿ, ಗ, ಪ, ದ ಆಗುತ್ತದೆ. ಹಿಂದುಸ್ತಾನಿಯ ಭೂಪ, ಕರ್ನಾಟಕ ಸಂಗೀತದ ಮೋಹನ ರಾಗಗಳಿಗೂ ಇವೇ ಸ್ವರಗಳು. ಆದುದರಿಂದಲೇ ಚೀನದ ಎಷ್ಟೋ ಹಾಡುಗಳು ನಮ್ಮ ಕಿವಿಗೆ ಪರಿಚಿತವಾಗಿ ಕೇಳಿಸುತ್ತವೆ.

ಚೀನದ ಹಳೆಯ ಲಿಪಿಯಲ್ಲಿ 'ಔಷಧಿ' ಎಂಬ ಅಕ್ಷರದೊಳಗೆ 'ಸಂಗೀತ' ಎಂಬ ಅಕ್ಷರವಿದೆ, ಅದರ ನೆತ್ತಿಯ ಮೇಲೆ ಹುಲ್ಲಿನ ಗುರುತು ಇದೆ. ಸಂಗೀತವೇ ಔಷಧಿ ಎಂಬುದಕ್ಕೆ ಇದು ಸಾಕ್ಷಿಯೆಂದು ಹಲವರು ಹೇಳುತ್ತಾರೆ. ಆದರೆ ಭಾಷಾವಿದ್ವಾಂಸರ ಪ್ರಕಾರ ಒಳಗಿನ ಅಕ್ಷರ ಅಲ್ಲಿರುವುದು ಉಚ್ಚಾರವನ್ನು ಸೂಚಿಸಲು, ಮೇಲಿನ ಹುಲ್ಲು ಗಿಡಮೂಲಿಕೆಯನ್ನು ಸೂಚಿಸಲು. ಸುಂದರವಾದ ಮಾತೆಲ್ಲ ಪ್ರಮಾಣವಾಗುವುದಿಲ್ಲ. ಒಂದು ಸ್ವರ ಯಕೃತ್ತನ್ನು ಗುಣಪಡಿಸುತ್ತದೆ, ಇನ್ನೊಂದು ಮೂತ್ರಪಿಂಡವನ್ನು ಗುಣಪಡಿಸುತ್ತದೆ ಎಂಬುದು ಹಳೆಯ ನಂಬಿಕೆಯೇ ಹೊರತು ಪ್ರಯೋಗದಿಂದ ಸಿದ್ಧವಾದ ಸಂಗತಿಯಲ್ಲ.

ದೇಹದಲ್ಲಿ ಏನಾಗುತ್ತದೆ?

ಹಾಗಾದರೆ ಪ್ರಯೋಗದಿಂದ ಸಿದ್ಧವಾದದ್ದು ಏನು? ಮೊದಲು ನಮ್ಮ ದೇಹದ ವ್ಯವಹಾರವನ್ನು ನೋಡೋಣ. ಹೆದರಿಕೆಯಾದಾಗ ಎದೆ ಜೋರಾಗಿ ಬಡಿಯುತ್ತದೆ, ಉಸಿರು ಮೇಲುಸಿರಾಗುತ್ತದೆ, ಅಂಗೈ ಬೆವರುತ್ತದೆ. ಇದು ಓಡಲು ಇಲ್ಲವೆ ಹೋರಾಡಲು ದೇಹ ಮಾಡುವ ಸಿದ್ಧತೆ. ಹಾವು ಕಂಡಾಗ ಇದು ಉಪಯೋಗದ್ದೇ. ಆದರೆ ಗಣಿತದ ಪ್ರಶ್ನೆಪತ್ರಿಕೆ ಕಂಡಾಗಲೂ ದೇಹ ಹಾಗೆಯೇ ಮಾಡುತ್ತದೆ! ಇದಕ್ಕೆ ಎದುರಾಗಿ ದೇಹವನ್ನು ತಣಿಸುವ ಇನ್ನೊಂದು ನರಜಾಲವಿದೆ. ಉಸಿರನ್ನು ನಿಧಾನವಾಗಿ ಬಿಟ್ಟಾಗ ಅದು ಚುರುಕಾಗಿ ನಾಡಿ ಇಳಿಯುತ್ತದೆ. ಎದೆಬಡಿತಕ್ಕೆ ನಾವು ನೇರವಾಗಿ ಆಜ್ಞೆ ಮಾಡಲಾರೆವು, ಉಸಿರಿಗೆ ಮಾಡಬಲ್ಲೆವು. ಉಸಿರಿನ ಮೂಲಕ ಎದೆಯನ್ನು ಮುಟ್ಟಬಲ್ಲೆವು.

ಇಟಲಿಯ ವಿಜ್ಞಾನಿ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ೨೦೦೧ರಲ್ಲಿ ೨೩ ಜನರ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನಾಗಲಿ, ಬೌದ್ಧರ ಮಂತ್ರವನ್ನಾಗಲಿ ಪಠಿಸಿದಾಗ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಹೃದಯದ ಲಯವೂ ಅದಕ್ಕೆ ಹೊಂದಿಕೊಂಡಿತು. ಧರ್ಮ ಬೇರೆ, ಭಾಷೆ ಬೇರೆ. ಉಸಿರಿನ ಲೆಕ್ಕ ಒಂದೇ. ೨೦೦೬ರಲ್ಲಿ ಅವರೇ ೨೪ ಜನರಿಗೆ ಆರು ಬಗೆಯ ಸಂಗೀತ ಕೇಳಿಸಿದರು. ಅದರಲ್ಲಿ ನಮ್ಮ ದೇಶದ ರಾಗಸಂಗೀತವೂ ಇತ್ತು. ಲಯ ಏರಿದಷ್ಟೂ ಉಸಿರೂ ನಾಡಿಯೂ ಏರಿದವು. ಆದರೆ ನಡುವೆ ಎರಡು ನಿಮಿಷ ಸಂಗೀತವನ್ನು ನಿಲ್ಲಿಸಿದಾಗ ನಾಡಿ, ಉಸಿರು, ರಕ್ತದೊತ್ತಡ ಮೂರೂ ಪ್ರಯೋಗದ ಮೊದಲಿಗಿಂತ ಕೆಳಗಿಳಿದವು. ಎಂದರೆ ನಾದದಷ್ಟೇ ನಾದದ ನಡುವಣ ಮೌನವೂ ಕೆಲಸ ಮಾಡುತ್ತದೆ! ಗುಚಿನ್ನಿನ ಒಂದು ಮೀಟಿಗೂ ಮುಂದಿನ ಮೀಟಿಗೂ ನಡುವೆ ಇರುವ ಬಿಡುವಿನ ಬೆಲೆ ಇದರಿಂದ ತಿಳಿಯುತ್ತದೆ.

ಆಸ್ಪತ್ರೆಗಳಲ್ಲಿಯೂ ಇದರ ಪರೀಕ್ಷೆ ನಡೆದಿದೆ. ಶಸ್ತ್ರಕ್ರಿಯೆಯಾದ ಸುಮಾರು ೭೦೦೦ ರೋಗಿಗಳ ಮೇಲೆ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೧೫ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆ ಪ್ರಕಟಿಸಿತು. ಸಂಗೀತ ಕೇಳಿದವರಿಗೆ ನೋವು, ಕಳವಳ ಕಡಿಮೆ ಎನಿಸಿದವು. ನೋವಿನ ಔಷಧಿಯೂ ಕಡಿಮೆ ಬೇಕಾಯಿತು. ಆದರೆ ಅವರೇನೂ ಬೇಗ ಆಸ್ಪತ್ರೆ ಬಿಟ್ಟು ಮನೆಗೆ ಹೋಗಲಿಲ್ಲ. ನಿದ್ರೆ ಬಾರದ ವಯಸ್ಕರ ಬಗ್ಗೆ ೨೦೨೨ರಲ್ಲಿ ಬಂದ ಇನ್ನೊಂದು ಸಮೀಕ್ಷೆಯಲ್ಲಿ ೧೩ ಪ್ರಯೋಗಗಳ ೧೦೦೭ ಜನರ ವಿವರವಿದೆ. ದಿನವೂ ಸಂಗೀತ ಕೇಳಿದವರು ತಮ್ಮ ನಿದ್ರೆಯ ಗುಣ ಸುಧಾರಿಸಿತೆಂದು ಹೇಳಿದರು.

ಇವುಗಳ ಸಾರ ಇಷ್ಟು: ನಿಧಾನವಾದ ಸಂಗೀತ ಕಳವಳವನ್ನು ಇಳಿಸುತ್ತದೆ, ನೋವನ್ನು ಸಹ್ಯ ಮಾಡುತ್ತದೆ, ನಿದ್ರೆಗೆ ನೆರವಾಗುತ್ತದೆ. ರೋಗದ ಮೂಲವನ್ನು ಅದು ಕೀಳುವುದಿಲ್ಲ. ಅದು ರೋಗಿಗೆ ಆಸರೆ, ವೈದ್ಯನಿಗೆ ಸಹಾಯಕ; ವೈದ್ಯನ ಜಾಗವನ್ನು ತುಂಬುವಂಥದಲ್ಲ.

ನಮ್ಮ ನೆಲದ ತಂತಿಗಳು

ಗುಚಿನ್ ನಮ್ಮ ಊರುಗಳಲ್ಲಿ ಸಿಗದು. ಆದರೆ ಅದರ ಬಳಗ ನಮ್ಮಲ್ಲಿ ಉಂಟು. ಬೇರೆ ಕುತ್ತಿಗೆ ಇಲ್ಲದೆ, ಒಂದು ಹಲಗೆಯ ಇಲ್ಲವೆ ದಂಡದ ಉದ್ದಕ್ಕೂ ತಂತಿ ಬಿಗಿದ ವಾದ್ಯಗಳನ್ನೆಲ್ಲ ವಿದ್ವಾಂಸರು ಒಂದು ಗುಂಪಿಗೆ ಸೇರಿಸುತ್ತಾರೆ. ಗುಚಿನ್ ಹಲಗೆಯ ವಾದ್ಯ. ನಮ್ಮ ರುದ್ರವೀಣೆ, ಕಿನ್ನರಿಗಳು ದಂಡದ ವಾದ್ಯಗಳು. ದಂಡದ ಕೆಳಗೆ ಬುರುಡೆ ಕಟ್ಟಿ ನಾದವನ್ನು ಹಿಗ್ಗಿಸುತ್ತಾರೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನೆಂಬವನಿಗೆ ಆ ವಾದ್ಯವೇ ಹೆಸರಾಯಿತು. ಬಸವಣ್ಣನವರು ಒಂದು ವಚನದಲ್ಲಿ ತಮ್ಮ ದೇಹವನ್ನೇ ಇಂಥ ವಾದ್ಯವನ್ನಾಗಿ ಮಾಡಿಕೊಳ್ಳೆಂದು ಕೂಡಲಸಂಗಮದೇವನನ್ನು ಬೇಡುತ್ತಾರೆ. ಅದರಲ್ಲಿ ದೇಹ ದಂಡವಾಗುತ್ತದೆ, ಶಿರಸ್ಸು ಬುರುಡೆಯಾಗುತ್ತದೆ, ನರಗಳು ತಂತಿಯಾಗುತ್ತವೆ. ದೇಹಕ್ಕೂ ನಾದಕ್ಕೂ ಇರುವ ನಂಟನ್ನು ಇದಕ್ಕಿಂತ ಸಮೀಪವಾಗಿ ಕಂಡವರು ಕಡಿಮೆ.

ಇದಕ್ಕೆ ಹತ್ತಿರದ ನೆಂಟ ತಂಬೂರಿ. ಅದರ ತವರು ನಮಗೆ ದೂರವಿಲ್ಲ. ಸಾಂಗಲಿ ಜಿಲ್ಲೆಯ ಮೀರಜದಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ತಂಬೂರಿ, ಸಿತಾರಿಗಳನ್ನು ಮಾಡುತ್ತ ಬಂದಿದ್ದಾರೆ. ಆಯುಧಗಳಿಗೆ ಸಾಣೆ ಹಿಡಿಯುವ ಶಿಕಲಗಾರ ಮನೆತನದ ಫರೀದಸಾಹೇಬರು ಈ ಕೆಲಸಕ್ಕೆ ಮೊದಲಿಗರೆಂದು ಹೇಳುತ್ತಾರೆ. ಕತ್ತಿ ಮಸೆದ ಕೈಗಳು ತಂತಿ ಬಿಗಿಯಲು ಕಲಿತವು. ೨೦೨೪ರಲ್ಲಿ ಮೀರಜದ ತಂಬೂರಿಗೂ ಸಿತಾರಿಗೂ ಸರಕಾರದಿಂದ ಭೌಗೋಲಿಕ ಸೂಚಕದ ಮಾನ್ಯತೆ ದೊರೆಯಿತು. ಈ ವಾದ್ಯಗಳಿಗೆ ಬೇಕಾದ ಮರ ಬರುವುದು ಕರ್ನಾಟಕದ ಕಾಡುಗಳಿಂದ. ಬುರುಡೆಕಾಯಿ ಬರುವುದು ನಮ್ಮ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಸೀಮೆಯಿಂದ. ಬಸವಣ್ಣನವರು ಕಲ್ಯಾಣಕ್ಕೆ ಬರುವ ಮೊದಲು ಬಿಜ್ಜಳನಲ್ಲಿ ಕರಣಿಕರಾಗಿದ್ದುದು ಇದೇ ಮಂಗಳವೇಢೆಯಲ್ಲಿ ಎಂದು ಹಿರಿಯರ ಮಾತು. ಕರ್ನಾಟಕದ ಮರ, ಮಹಾರಾಷ್ಟ್ರದ ಬುರುಡೆ ಕೂಡಿದರೆ ಒಂದು ತಂಬೂರಿ. ಎರಡು ಭಾಷೆಗಳ ಗಡಿಯಲ್ಲಿ ಬದುಕುವ ನಮಗೆ ಈ ವಾದ್ಯ ತೀರ ಹತ್ತಿರದ್ದು.

ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಅದರಲ್ಲಿ ಹಾಡು ನುಡಿಸುವುದಿಲ್ಲ. ನಿಂತ ಸ್ವರವೊಂದೇ ತುಂಬಿ ಹರಿಯುತ್ತದೆ. ಕುದುರೆಯ ಮೇಲ್ಮೈ ಸ್ವಲ್ಪ ಉಬ್ಬಾಗಿರುತ್ತದೆ. ತಂತಿಗೂ ಅದಕ್ಕೂ ನಡುವೆ ಒಂದು ಎಳೆ ದಾರವನ್ನು ಸೇರಿಸುತ್ತಾರೆ. ಇದರಿಂದ ತಂತಿ ಕುದುರೆಯನ್ನು ಸವರುತ್ತ ಅದುರಿ ಒಂದೇ ಸ್ವರದಲ್ಲಿ ಅನೇಕ ಉಪಸ್ವರಗಳು ಅರಳುತ್ತವೆ. ಈ ಗುಣಕ್ಕೆ ಜವಾರಿ ಎನ್ನುತ್ತಾರೆ. ಸರ್ ಸಿ. ವಿ. ರಾಮನ್ ಅವರು ೧೯೨೧ರಲ್ಲಿಯೇ ಈ ಕುದುರೆಯ ವೈಶಿಷ್ಟ್ಯವನ್ನು ವಿಜ್ಞಾನದ ರೀತಿಯಲ್ಲಿ ವಿವರಿಸಿದರು. ನಾದ ಎಲ್ಲಿ ಮುಗಿಯಿತೆಂದು ಹುಡುಕುತ್ತ ಹೋದ ಕಿವಿಗೆ ಬೇರೆ ಚಿಂತೆಗಳನ್ನು ಕೇಳಲು ಬಿಡುವಿರುವುದಿಲ್ಲ.

ಮೀರಜದ ಹೆಸರಿನೊಡನೆ ಉಸ್ತಾದ ಅಬ್ದುಲ್ ಕರೀಮ ಖಾನರ (೧೮೭೨-೧೯೩೭) ಹೆಸರು ಹೊಂದಿಕೊಂಡಿದೆ. ಪ್ಲೇಗಿನಿಂದ ನರಳುತ್ತಿದ್ದ ಅವರು ಅಲ್ಲಿಯ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಹಾಡಿ ಸೇವೆ ಮಾಡಿ ಗುಣ ಹೊಂದಿದರೆಂದು ಭಕ್ತರು ಹೇಳುತ್ತಾರೆ. ಆ ನಂಬಿಕೆಯನ್ನು ಗೌರವಿಸೋಣ. ಆದರೆ ಪ್ಲೇಗಿಗೆ ಇಂದು ಔಷಧಿ ಇದೆ, ಅದನ್ನು ತಕ್ಷಣ ಕೊಡಬೇಕು ಎಂಬುದನ್ನೂ ತಿಳಿದಿರೋಣ. ಖಾನಸಾಹೇಬರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಹೀಗೆ ಮೀರಜದ ತಂಬೂರಿಯ ನಾದ ಕನ್ನಡ ನಾಡಿನ ಮನೆ ಮನೆಗೆ ಹರಿಯಿತು.

ಇನ್ನು ಬಡವರ ತಂಬೂರಿ ಏಕತಾರಿ. ಒಂದು ಬುರುಡೆ, ಒಂದು ಬಿದಿರು, ಒಂದು ತಂತಿ. ತತ್ವಪದಕಾರರು ಇದನ್ನೇ ಮೀಟುತ್ತ ಕಡಕೋಳ ಮಡಿವಾಳಪ್ಪನವರ, ಶಿಶುನಾಳ ಶರೀಫ ಸಾಹೇಬರ ಪದಗಳನ್ನು ಹಾಡುತ್ತಾರೆ. ಭಜನೆಯಲ್ಲಿ ಒಬ್ಬರು ಹೇಳಿದ ಸಾಲನ್ನು ಉಳಿದವರೆಲ್ಲ ಎತ್ತಿಕೊಂಡು ದೀರ್ಘವಾಗಿ ಹಾಡುವ ರೂಢಿಯನ್ನು ನೆನೆಯಿರಿ. ಉದ್ದವಾದ ಸಾಲನ್ನು ಹಾಡಬೇಕಾದರೆ ಉಸಿರನ್ನು ಉದ್ದವಾಗಿ ಬಿಡಲೇಬೇಕು. ಇಟಲಿಯ ವಿಜ್ಞಾನಿಗಳು ಅಳೆದು ನೋಡಿದ್ದನ್ನು ನಮ್ಮ ಭಜನೆಯವರು ಅಳೆಯದೆ ಮಾಡುತ್ತ ಬಂದಿದ್ದಾರೆ. ಅದರ ಮೇಲೆ ಭಜನೆಯಲ್ಲಿ ಹತ್ತು ಜನರ ಸಂಗಡವೂ ಸಿಗುತ್ತದೆ. ಒಂಟಿಯಾಗಿ ಕುಳಿತು ಮೊಬೈಲಿನಲ್ಲಿ ಕೇಳುವವನಿಗೆ ಅದು ಸಿಗದು.

ಕೇಳುವ ಕ್ರಮ

ಸಂಗೀತ ಹಿತ ಮಾಡಬೇಕಾದರೆ ಕೇಳುವುದನ್ನೂ ಕಲಿಯಬೇಕು. ನಮ್ಮ ವಿದ್ಯಾರ್ಥಿಗಳು ಈ ಕ್ರಮವನ್ನು ಅನುಸರಿಸಬಹುದು.

೧. ದಿನವೂ ಒಂದೇ ಹೊತ್ತನ್ನು ಗೊತ್ತುಮಾಡಿಕೊಳ್ಳಿರಿ. ಸಂಜೆಯ ಓದಿಗೆ ಮೊದಲು ಇಲ್ಲವೆ ಮಲಗುವ ಮೊದಲು ಹದಿನೈದು ನಿಮಿಷ ಸಾಕು.

೨. ಮಾತಿಲ್ಲದ, ನಿಧಾನವಾದ ತಂತಿವಾದ್ಯವನ್ನು ಆರಿಸಿಕೊಳ್ಳಿರಿ. ತಂಬೂರಿಯ ನಾದವಾಗಲಿ, ಗುಚಿನ್ ಆಗಲಿ, ವೀಣೆಯ ಆಲಾಪವಾಗಲಿ ಆದೀತು. ನಿಮಗೆ ಹಿಡಿಸದ ಸಂಗೀತವನ್ನು ಒಳ್ಳೆಯದೆಂದು ಒತ್ತಾಯದಿಂದ ಕೇಳಬೇಡಿರಿ.

೩. ದನಿ ಸಣ್ಣದಿರಲಿ. ಕಿವಿಗೆ ಸಿಕ್ಕಿಸುವ ಸಾಧನವಾದರೆ ದನಿಯನ್ನು ಅದರ ಪೂರ್ಣ ಪ್ರಮಾಣದ ಶೇ. ೬೦ಕ್ಕಿಂತ ಕೆಳಗೆ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹಾಡು ಹಚ್ಚಿದ ಮೇಲೆ ಮೊಬೈಲಿನ ಮುಖವನ್ನು ಕೆಳಗೆ ಮಾಡಿ ಇಡಿರಿ.

೪. ಬೆನ್ನು ನೆಟ್ಟಗೆ ಮಾಡಿ ಕುಳಿತು ಕಣ್ಣು ಮುಚ್ಚಿರಿ. ತಂತಿ ಮೀಟಿದಾಗ ಉಸಿರೆಳೆದು, ನಾದ ಕರಗುವಾಗ ಮೆಲ್ಲಗೆ ಬಿಡಿರಿ. ಬಲವಂತ ಬೇಡ, ತಲೆ ಸುತ್ತಿದಂತಾದರೆ ಎಂದಿನಂತೆ ಉಸಿರಾಡಿರಿ.

೫. ಮನಸ್ಸು ಬೇರೆ ಕಡೆ ಓಡಿದರೆ ಬೇಸರಿಸಬೇಡಿರಿ. ನಾದದ ಕೊನೆಯನ್ನು ಹುಡುಕಲು ಮತ್ತೆ ಕರೆದುಕೊಂಡು ಬನ್ನಿರಿ.

೬. ಸಂಗೀತ ಮುಗಿದ ಕೂಡಲೆ ಏಳಬೇಡಿರಿ. ಎರಡು ನಿಮಿಷ ಮೌನವಾಗಿ ಕೂಡಿರಿ. ಆ ಮೌನವೂ ಸಂಗೀತದ ಭಾಗವೇ.

ಸೈಕಲ್ ಇಲ್ಲವೆ ಗಾಡಿ ನಡೆಸುವಾಗ ಹೀಗೆ ಕೇಳುವುದು ಅಪಾಯ. ಓದುವಾಗಲೂ ಕಿವಿಗೆ ಹಾಡು ಕಟ್ಟಿಕೊಳ್ಳಬೇಡಿರಿ. ಮನಸ್ಸು ಒಂದೇ ಹೊತ್ತಿಗೆ ಎರಡು ಕಡೆ ಪೂರ್ತಿಯಾಗಿ ಇರಲಾರದು.

ಎಚ್ಚರದ ಮಾತು

ಈ ವಿಷಯದಲ್ಲಿ ಪಾಲಕರಿಗೆ ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ರಕ್ತದೊತ್ತಡದ ಗುಳಿಗೆ, ಸಕ್ಕರೆ ಕಾಯಿಲೆಯ ಔಷಧಿ, ಫಿಟ್ಸ್ ಬರುವವರ ಮಾತ್ರೆ, ಇವುಗಳನ್ನು ಸಂಗೀತದ ನೆಚ್ಚಿಕೆಯ ಮೇಲೆ ಒಂದು ದಿನವೂ ನಿಲ್ಲಿಸಬಾರದು. ರಕ್ತದೊತ್ತಡ ಏರಿದ್ದು ಎಷ್ಟೋ ಸಲ ಮೈಗೆ ತಿಳಿಯುವುದೇ ಇಲ್ಲ. ಹಾಡು ಕೇಳಿ ಹಾಯೆನಿಸಿತು, ಆದುದರಿಂದ ಒತ್ತಡ ಇಳಿದಿದೆ ಎಂದು ತಾವೇ ನಿರ್ಣಯಿಸಿ ಗುಳಿಗೆ ಬಿಟ್ಟರೆ ಪಾರ್ಶ್ವವಾಯುವಿಗೆ ದಾರಿಯಾದೀತು. ಕೇಳುವುದೂ ಇರಲಿ, ಗುಳಿಗೆಯೂ ಇರಲಿ, ಅಳತೆಯೂ ಇರಲಿ.

ಮನಸ್ಸಿನ ಬೇನೆಗೂ ಈ ಮಾತು ಸಲ್ಲುತ್ತದೆ. ಪರೀಕ್ಷೆಯ ಮುಂದಿನ ಸಣ್ಣ ಕಳವಳಕ್ಕೆ ನಾದ ಸಾಕು. ಆದರೆ ಎರಡು ವಾರಗಳಾದರೂ ಮಗು ಉಣ್ಣದೆ, ನಿದ್ರಿಸದೆ, ಗೆಳೆಯರನ್ನು ಬಿಟ್ಟು ಮೂಲೆ ಹಿಡಿದಿದ್ದರೆ, ಇಲ್ಲವೆ ಬದುಕೇ ಬೇಡವೆಂಬ ಮಾತನ್ನು ಒಮ್ಮೆಯಾದರೂ ಆಡಿದರೆ, ಗದರಿಸಬೇಡಿರಿ, ತಡ ಮಾಡಬೇಡಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಕೇಂದ್ರ ಸರಕಾರವು ೨೦೨೨ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಸೇವೆಗೆ ೧೪೪೧೬ ಎಂಬ ಸಂಖ್ಯೆಯಿಂದ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಮಾತಾಡಬಹುದು. ಮೈಯ ಜ್ವರಕ್ಕೆ ವೈದ್ಯರನ್ನು ಕಾಣಲು ನಾಚದ ನಾವು ಮನದ ಜ್ವರಕ್ಕೆ ಏಕೆ ನಾಚಬೇಕು?

ಮುಕ್ತಾಯ

೧೯೭೭ರಲ್ಲಿ ಅಮೇರಿಕೆಯ ವಿಜ್ಞಾನಿಗಳು ವಾಯೇಜರ್ ಎಂಬ ಎರಡು ನೌಕೆಗಳನ್ನು ಆಕಾಶಕ್ಕೆ ಹಾರಿಸಿದರು. ದೂರದ ಲೋಕಗಳಲ್ಲಿ ಯಾರಾದರೂ ಇದ್ದರೆ ಕೇಳಲೆಂದು ಚಿನ್ನದ ಲೇಪವಿರುವ ಧ್ವನಿಮುದ್ರಿಕೆಯೊಂದನ್ನು ಪ್ರತಿಯೊಂದರಲ್ಲಿಯೂ ಇಟ್ಟರು. ಇಡೀ ಭೂಮಿಯಿಂದ ಆರಿಸಿದ ೨೭ ಸಂಗೀತಗಳು ಅದರಲ್ಲಿವೆ. ಅವುಗಳಲ್ಲಿ ಒಂದು ಗ್ವಾನ್ ಪಿಂಗ್ ಹು ನುಡಿಸಿದ ಗುಚಿನ್. ಹರಿಯುವ ನೀರನ್ನು ಕುರಿತ, ಏಳುವರೆ ನಿಮಿಷಕ್ಕೂ ತುಸು ಹೆಚ್ಚಿನ ನಾದ. ಇನ್ನೊಂದು ಕೇಸರಬಾಯಿ ಕೇರ್ಕರ್ ಅವರು ಭೈರವಿಯಲ್ಲಿ ಹಾಡಿದ ಹಾಡು. ಕೇಸರಬಾಯಿಯವರು ಗೋವೆಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಕೊಲ್ಲಾಪುರದಲ್ಲಿ ಅಬ್ದುಲ್ ಕರೀಮ ಖಾನರಲ್ಲಿ ಕೆಲವು ಕಾಲ ಕಲಿತವರು. ೨೦೧೨ರಲ್ಲಿ ಮೊದಲನೆಯ ವಾಯೇಜರ್ ಸೂರ್ಯನ ಪ್ರಭಾವದ ಎಲ್ಲೆಯನ್ನು ದಾಟಿ ನಕ್ಷತ್ರಗಳ ನಡುವಣ ಬಯಲಿಗೆ ಹೋಯಿತು. ಚೀನದ ಏಳು ತಂತಿಯೂ ನಮ್ಮ ಕಡೆಯ ಗಾನವೂ ಆ ನಿಶ್ಶಬ್ದದಲ್ಲಿ ಜೊತೆಯಾಗಿ ಸಾಗುತ್ತಿವೆ.

ಅಷ್ಟು ದೂರ ಕಳಿಸಲು ಯೋಗ್ಯವೆಂದು ಎಣಿಸಿದ ನಾದ ನಮ್ಮ ಮನೆಯ ಪಡಸಾಲೆಗೂ ಬರಲಿ. ತಡವಳದಂಥ ನಮ್ಮ ಊರುಗಳಲ್ಲಿ ಇನ್ನೂ ಏಕತಾರಿ ಹಿಡಿಯಬಲ್ಲ ಹಿರಿಯರಿದ್ದರೆ ಅವರ ಹತ್ತಿರ ಹೋಗಿ ಕೂಡೋಣ. ಒಯಾಂಗ್ ಶಿಯುವಿಗೆ ಒಬ್ಬ ಗೆಳೆಯ ಕಲಿಸಿದಂತೆ ಅವರು ನಮಗೆ ಕಲಿಸಿಯಾರು. ಬೇನೆಗೆ ಔಷಧಿ ಇರಲಿ, ಔಷಧಿಯ ಜೊತೆಗೆ ನಾದವಿರಲಿ, ನಾದದ ಜೊತೆಗೆ ನಾಲ್ಕು ಜನರ ಸಂಗಡವಿರಲಿ.

ಅಭ್ಯಾಸ

೧. ಒಂದು ವಾರ ದಿನವೂ ಹದಿನೈದು ನಿಮಿಷ ತಂಬೂರಿ ಇಲ್ಲವೆ ಗುಚಿನ್ ಕೇಳಿರಿ. ಕೇಳುವ ಮೊದಲೂ ಕೇಳಿದ ಮೇಲೂ ಮಣಿಕಟ್ಟಿನ ನಾಡಿಯನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ ಬರೆದಿಡಿರಿ.

೨. ಮುಂದಿನ ವಾರ ಸಂಗೀತವಿಲ್ಲದೆ ಅಷ್ಟೇ ಹೊತ್ತು ಸುಮ್ಮನೆ ಕುಳಿತು ಹಾಗೆಯೇ ಎಣಿಸಿರಿ. ಎರಡು ವಾರಗಳ ಅಂಕಿಗಳನ್ನು ಹೋಲಿಸಿರಿ. ಈ ಎರಡನೆಯ ವಾರ ಏಕೆ ಬೇಕು? ವಿಜ್ಞಾನದ ಶಿಕ್ಷಕರೊಡನೆ ಚರ್ಚಿಸಿರಿ.

೩. ನಿಮ್ಮ ಊರಿನ ಹಿರಿಯರಿಂದ ಒಂದು ತತ್ವಪದವನ್ನೂ ಒಂದು ಬೀಸುವ ಪದವನ್ನೂ ಕೇಳಿ, ಅವರು ಹೇಳಿದಂತೆಯೇ ಬರೆದುಕೊಳ್ಳಿರಿ.

೪. "ಸಂಗೀತ ವೈದ್ಯನ ಸಹಾಯಕ, ವೈದ್ಯನಲ್ಲ." ಈ ಮಾತನ್ನು ಲೇಖನದಲ್ಲಿ ಬಂದ ಎರಡು ಉದಾಹರಣೆಗಳಿಂದ ವಿವರಿಸಿರಿ.